ಚುಕ್ಕೆಗಳಲ್ಲಿ ಊರಿದೆಯೇ?

ಪ್ರಶ್ನೆ: ಮಗಳು ಆಸ್ಟ್ರೇಲಿಯಾದ ಮೂಲನಿವಾಸಿಗಳ ಚಿತ್ರ ತೋರಿಸಿ, ‘ಇದೇ ಅವರ ನಕ್ಷೆ, ಇದೇ ಚರಿತ್ರೆ’ ಅನ್ನುತ್ತಾಳೆ. ನನಗೆ ಬರೀ ಚುಕ್ಕೆ, ಗೆರೆ ಕಾಣುತ್ತವೆ. ತಿಳಿಸುತ್ತೀರಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮಗಳು ಹೇಳಿದ್ದು ಸರಿ ತಾಯಿ. ಪಶ್ಚಿಮ ಆಸ್ಟ್ರೇಲಿಯಾದ ಗ್ರೇಟ್ ಸ್ಯಾಂಡಿ ಮರುಭೂಮಿಯ ಜನ 1997ರಲ್ಲಿ ಒಂದು ಕ್ಯಾನ್ವಾಸ್ ಬರೆದರು. ಹೆಸರು ‘ಙುರಾರಾ’. ಸುಮಾರು 8 ಮೀಟರ್ ಅಗಲ, 10 ಮೀಟರ್ ಉದ್ದ! ನೆಲ ತಮ್ಮದು ಅನ್ನಲು ಅವರ ಹತ್ತಿರ ನಮ್ಮ ಹಾಗೆ ಪಹಣಿ ಇರಲಿಲ್ಲ. ತಾವು ಬಲ್ಲ ನೀರಿನ ತಾಣಗಳನ್ನೇ ಬರೆದರು. ನೆಲದ ಹಕ್ಕಿನ ಅಹವಾಲು ಕೇಳುವ ಟ್ರಿಬ್ಯೂನಲ್ ಮುಂದೆ ಒಬ್ಬೊಬ್ಬರೂ ತಮ್ಮ ಜಾಗದ ಚಿತ್ರದ ಮೇಲೆ ನಿಂತು, ತಮ್ಮ ಭಾಷೆಯಲ್ಲೇ ಅದರ ಕಥೆ ಹೇಳಿದರು. ಹಕ್ಕು ಸಿಕ್ಕಿದ್ದು 2007ರಲ್ಲಿ. ಅಷ್ಟರಲ್ಲಿ ಬರೆದ ಹಿರಿಯರು ಕೆಲವರು ತೀರಿಹೋಗಿದ್ದರು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನಾನು ಮುಂಬೈನ ಮಾಟುಂಗಾಕ್ಕೆ ಬಂದು 30 ವರ್ಷವಾಯಿತು. ಊರು ಅಂದರೆ ಇವತ್ತಿಗೂ ಇಂಡಿ ಹತ್ತಿರದ ನಮ್ಮ ಹೊಲದ ಬಾವಿ, ಪಕ್ಕದ ಬನ್ನಿ ಮರ. ಅಜ್ಜಿ ದಾರಿ ಹೇಳುತ್ತಿದ್ದುದೂ ಬಾವಿಯಿಂದ ಬಾವಿಗೆ.

ಇನ್ನು ಚರಿತ್ರೆಯ ಮಾತು. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿಯಲ್ಲಿ 200 ಮರದ ದಿಮ್ಮಿಗಳಿವೆ. ಬಿಳಿಯರು ನೆಲೆಯೂರಿ 200 ವರ್ಷವಾದಾಗ, 1988ರಲ್ಲಿ, ವರ್ಷಕ್ಕೊಂದರಂತೆ ಇಟ್ಟದ್ದು. ಸತ್ತವರ ಮೂಳೆ ಇಡುವ ಟೊಳ್ಳು ದಿಮ್ಮಿಗಳವು. ದೇಶ ಹಬ್ಬ ಮಾಡುವಾಗ ಮೂಲನಿವಾಸಿಗಳು ತಮ್ಮ ಸತ್ತವರನ್ನು ನೆನೆದರು.

ಒಂದು ಮಾತು. ಪ್ರತಿ ಚುಕ್ಕೆಗೂ ಅರ್ಥ ಕೇಳಬೇಡಿ. ಕೆಲವು ಕಥೆ ಹೊರಗಿನವರಿಗೆ ಹೇಳುವಂಥದ್ದಲ್ಲ. ‘ಇದು ಯಾರ ನೆಲ?’ ಅಂತ ಮಗಳನ್ನು ಮೊದಲು ಕೇಳಿ.