ರಾಯಚೂರಿನ ಬಿಸಿಲು ಕಂಡ ಮೈಗೆ ಬೋಸ್ಟನ್ನಿನ 29 ಡಿಗ್ರಿ ಯಾವ ಲೆಕ್ಕ?

ನೀವು ಕೇಳಿದ್ದರ ಸಾರ ಇಷ್ಟು: ಬೆಳೆದದ್ದು ರಾಯಚೂರಿನಲ್ಲಿ, ಈಗಿರುವುದು ಮ್ಯಾಸಚೂಸೆಟ್ಸ್‌ನಲ್ಲಿ. ಡಿಸೆಂಬರಿನಿಂದ ಹಿಮದಲ್ಲೂ ಟ್ರೆಡ್‌ಮಿಲ್ಲಿನ ಮೇಲೂ ಓಡಿ ಬೋಸ್ಟನ್ ಮ್ಯಾರಥಾನಿಗೆ ತಯಾರಾಗಿದ್ದೀರಿ. ನಾಲ್ಕು ಗಂಟೆಯ ಗುರಿ. ಇನ್ನೆಂಟು ದಿನ ಉಳಿದಿರುವಾಗ ಹವಾಮಾನ ವರದಿ ಓಟದ ದಿನಕ್ಕೆ 29 ಡಿಗ್ರಿ ತೋರಿಸುತ್ತಿದೆ. ಮೇ ತಿಂಗಳಲ್ಲಿ 43 ಡಿಗ್ರಿ ಕಂಡವನು ಇದಕ್ಕೆ ಹೆದರಬೇಕೇ, ಅಂದುಕೊಂಡ ವೇಗದಲ್ಲೇ ಓಡಬಹುದಲ್ಲವೇ ಎಂಬುದು ಪ್ರಶ್ನೆ.

ಆ ವೇಗದಲ್ಲಿ ಓಡಬೇಡಿ. ಬಿಸಿಲಿಗೆ ಹದವಾದ ಮೈ ಶಾಶ್ವತವಾಗಿ ಹಾಗೇ ಉಳಿಯುವುದಿಲ್ಲ. ಬಿಸಿಯಲ್ಲಿ ದಿನವೂ ಒಂದಿಷ್ಟು ಹೊತ್ತು ಶ್ರಮಪಟ್ಟರೆ ಮೊದಲ ನಾಲ್ಕೈದು ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ. ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಬೆವರು ಬೇಗ ಶುರುವಾಗುತ್ತದೆ, ಧಾರಾಳವಾಗಿ ಬರುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ. ಬಿಸಿ ತಪ್ಪಿದರೆ ಮೂರ್ನಾಲ್ಕು ವಾರಗಳಲ್ಲಿ ಇದರ ಬಹುಪಾಲು ಮಾಯ. ನಿಮ್ಮ ಮೈ ಈಗ ಫೆಬ್ರವರಿಯ ಹಿಮಕ್ಕೆ ಹೊಂದಿಕೊಂಡ ಮೈ. ಅಲ್ಲದೆ ರಾಯಚೂರಿನವರು ಆ ಬಿಸಿಲನ್ನು ಗೆದ್ದದ್ದು ಹತ್ತು ಗಂಟೆಯೊಳಗೆ ಹೊರಗಿನ ಕೆಲಸ ಮುಗಿಸಿ ನೆರಳು ಸೇರಿ. ಮಟಮಟ ಮಧ್ಯಾಹ್ನ ನಾಲ್ಕು ತಾಸು ಓಡಿ ಯಾರೂ ಗೆದ್ದಿಲ್ಲ.

ಸಮಸ್ಯೆ ಎಲ್ಲಿದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ನಿಮ್ಮ ತೂಕ 65 ಕೆ.ಜಿ. ಎಂದುಕೊಳ್ಳಿ. ಓಡುವಾಗ ಕಿಲೋಮೀಟರಿಗೆ, ಪ್ರತಿ ಕೆ.ಜಿ. ತೂಕಕ್ಕೆ, ಸುಮಾರು ಒಂದು ಕ್ಯಾಲೊರಿ ಖರ್ಚು. ಮ್ಯಾರಥಾನಿನ 42 ಕಿಲೋಮೀಟರನ್ನು ನಾಲ್ಕು ಗಂಟೆಯಲ್ಲಿ ಓಡುವುದೆಂದರೆ ಗಂಟೆಗೆ ಹತ್ತೂವರೆ ಕಿಲೋಮೀಟರ್, ಅಂದರೆ 680 ಕ್ಯಾಲೊರಿ. ಅದರ ಮುಕ್ಕಾಲು ಪಾಲಿಗೂ ಹೆಚ್ಚು, ಸುಮಾರು 540 ಕ್ಯಾಲೊರಿ, ಬರೀ ಶಾಖವಾಗಿ ಹೊರಹೋಗಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ 580 ಕ್ಯಾಲೊರಿಯಷ್ಟು ಶಾಖ ಒಯ್ಯುತ್ತದೆ. 8 ಡಿಗ್ರಿ ಚಳಿಯಲ್ಲಿ ಈ ಶಾಖದ ದೊಡ್ಡ ಪಾಲನ್ನು ಗಾಳಿಯೇ ಎಳೆದುಕೊಳ್ಳುತ್ತದೆ. 29 ಡಿಗ್ರಿ ಬಿಸಿಲಿನಲ್ಲಿ ಹೆಚ್ಚುಕಡಿಮೆ ಎಲ್ಲ ಹೊರೆಯೂ ಬೆವರಿನ ಮೇಲೆ. ಗಂಟೆಗೆ ಒಂದು ಲೀಟರ್ ಸುರಿದರೆ ಸಾಲದು, ಆವಿಯಾಗಬೇಕು. ಗಲ್ಲದಿಂದ ತೊಟ್ಟಿಕ್ಕಿ ಡಾಂಬರಿಗೆ ಬಿದ್ದದ್ದು ದಂಡ. ಬೆವರು ಮಾಡಲು ಚರ್ಮಕ್ಕೆ ರಕ್ತ ಬೇಕು, ಓಡಲು ಕಾಲಿಗೂ ಅದೇ ರಕ್ತ ಬೇಕು. ವೇಗ ಬದಲಿಸದಿದ್ದರೂ ಎದೆಬಡಿತ ಏರುತ್ತಲೇ ಹೋಗುವುದು ಇದಕ್ಕೇ. ಆದ್ದರಿಂದ ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ ಒಂದೇ, ವೇಗ. ನೀರು, ಐಸು, ಉಪ್ಪು, ಟೋಪಿ ಎಲ್ಲವೂ ಅದರ ಪಕ್ಕದಲ್ಲಿ ಚಿಲ್ಲರೆ.

ಎಷ್ಟು ಇಳಿಸಬೇಕು? ನಾಲ್ಕು ಗಂಟೆಗೆ ಕಿಲೋಮೀಟರಿಗೆ 5:41, ಅಂದರೆ 5 ನಿಮಿಷ 41 ಸೆಕೆಂಡು, ಬೇಕು. 29 ಡಿಗ್ರಿಗೆ ನಾನು ಹೇಳುವುದು 6:20ರಿಂದ 6:30. ಬೋಸ್ಟನ್ನಿನಲ್ಲಿ ಫಲಕಗಳು ಮೈಲಿಗೊಂದರಂತೆ ಇರುವುದರಿಂದ ಮೈಲಿಗೆ 10:11ರಿಂದ 10:28 ಎಂದು ಕೈಮೇಲೆ ಬರೆದುಕೊಳ್ಳಿ. ಇದೇ ವೇಗದಲ್ಲಿ ಮುಗಿದರೆ 4 ಗಂಟೆ 27 ನಿಮಿಷದಿಂದ 4 ಗಂಟೆ 34 ನಿಮಿಷ. ಜಾಸ್ತಿಯಾಯಿತು ಅನ್ನಿಸುತ್ತದೆಯೇ? 2012ರ ಏಪ್ರಿಲ್ 16ರಂದು ಇದೇ ರಸ್ತೆಯಲ್ಲಿ ಬಿಸಿ 30 ಡಿಗ್ರಿ ದಾಟಿತ್ತು. ಗೆದ್ದ ವೆಸ್ಲಿ ಕೋರಿರ್ ತೆಗೆದುಕೊಂಡ ಸಮಯ 2:12:40. ಹಿಂದಿನ ವರ್ಷ, ತಂಪಿನಲ್ಲಿ, ಹಿಂದಿನಿಂದ ಗಾಳಿ ಬೀಸುತ್ತಿದ್ದಾಗ, ಜೆಫ್ರಿ ಮುತಾಯ್ ಓಡಿದ್ದು 2:03:02ರಲ್ಲಿ. ಅಷ್ಟು ಹಗುರ ಮೈಯ, ಎರಡೇ ಗಂಟೆ ಬಿಸಿಲಲ್ಲಿರುವ ಓಟಗಾರರ ಗೆಲುವಿನ ಸಮಯದಲ್ಲೇ ಒಂಬತ್ತೂವರೆ ನಿಮಿಷದ ಅಂತರ. ನೀವು ಅದೇ ಬಿಸಿಲಲ್ಲಿ ಅವರ ಎರಡು ಪಟ್ಟು ಹೊತ್ತು ಇರುತ್ತೀರಿ. ಆ ವರ್ಷ ಸಂಘಟಕರೇ, ಬೇಡವೆನ್ನಿಸಿದವರು ಮುಂದಿನ ವರ್ಷ ಓಡಬಹುದೆಂದು ಅವಕಾಶ ಕೊಟ್ಟಿದ್ದರು. ಈ ಸಲವೂ ಅಂಥ ಅವಕಾಶ ಕೊಟ್ಟರೆ, ಹಿಂದಿನ ಹತ್ತು ದಿನಗಳಲ್ಲಿ ಜ್ವರವೋ ಭೇದಿಯೋ ಆಗಿದ್ದವರು ಎರಡನೇ ಯೋಚನೆ ಮಾಡದೆ ತೆಗೆದುಕೊಳ್ಳಲಿ.

ಈ ರಸ್ತೆಯದೇ ಕೆಲವು ಕಿತಾಪತಿಗಳಿವೆ, ಅವನ್ನು ತಿಳಿದಿರಬೇಕು. ಓಟ ಶುರುವಾಗುವ ಹಾಪ್‌ಕಿಂಟನ್ನಿನಲ್ಲಿ ಮೊದಲ ತಂಡ ಬಿಡುವುದೇ ಬೆಳಿಗ್ಗೆ ಹತ್ತಕ್ಕೆ, ಕೊನೆಯವರು ಹನ್ನೊಂದು ದಾಟಿ. ಅಂದರೆ ಓಟವಿಡೀ ನೆತ್ತಿಯ ಬಿಸಿಲು. ಮೊದಲ ನಾಲ್ಕು ಮೈಲಿ ಚೆನ್ನಾಗಿ ಇಳಿಜಾರು, ಕಾಲು ತಾನಾಗಿ ಓಡುತ್ತದೆ, ಕೆಡುವುದು ಅಲ್ಲೇ. ಆಗ ಏರಿಸಿಕೊಂಡ ಶಾಖವನ್ನು ಆಮೇಲೆ ಇಳಿಸಲಾಗುವುದಿಲ್ಲ. ನ್ಯೂಟನ್ನಿನ ಏರುಗಳು ಬರುವುದು 16ನೇ ಮೈಲಿಯ ನಂತರ, ಕೊನೆಯದಾದ ಹಾರ್ಟ್‌ಬ್ರೇಕ್ ಹಿಲ್ 20ರ ಆಸುಪಾಸಿನಲ್ಲಿ, ಹೊತ್ತಿನ ಲೆಕ್ಕದಲ್ಲಿ ದಿನದ ಅತಿ ಬಿಸಿ ಗಳಿಗೆಗೆ ಸರಿಯಾಗಿ. ಏಪ್ರಿಲ್ ಮಧ್ಯದಲ್ಲಿ ಅಲ್ಲಿನ ಮರಗಳು ಇನ್ನೂ ಬೋಳು. ಸಾಲುಮರ ಇದ್ದರೂ ನೆರಳಿಲ್ಲ. ದಾರಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುವುದರಿಂದ ಬಿಸಿಲು ನಿಮ್ಮ ಬಲಗಡೆಯಿಂದ, ಆಮೇಲೆ ಬೆನ್ನ ಹಿಂದಿನಿಂದ ಹೊಡೆಯುತ್ತದೆ. ಮನೆಗಳ, ಅಂಗಡಿಗಳ ನೆರಳು ಸಿಕ್ಕರೆ ಅದು ರಸ್ತೆಯ ಬಲ ಅಂಚಿನಲ್ಲಿ. ಸನ್‌ಸ್ಕ್ರೀನನ್ನು ಕತ್ತಿನ ಹಿಂಭಾಗ, ಬಲಗಿವಿ, ಬಲತೋಳು, ಮೀನಖಂಡಕ್ಕೆ ಧಾರಾಳವಾಗಿ ಹಚ್ಚಿ. ಹಣೆಗೆ ಬೇಡ, ಬೆವರಿನ ಜೊತೆ ಕಣ್ಣಿಗಿಳಿದು ಉರಿಯುತ್ತದೆ, ಹಣೆಯನ್ನು ಟೋಪಿ ನೋಡಿಕೊಳ್ಳುತ್ತದೆ.

ಗಾಳಿಯ ವಿಷಯ ಇನ್ನೂ ಮುಖ್ಯ. ಈ ಪ್ರದೇಶಕ್ಕೆ ಸೆಕೆ ಬರುವುದು ಸಾಮಾನ್ಯವಾಗಿ ನೈರುತ್ಯ ಅಥವಾ ಪಶ್ಚಿಮದ ಗಾಳಿಯೊಂದಿಗೆ. ಬೆನ್ನಿಗೆ ಗಾಳಿ ಸಿಕ್ಕಿತೆಂದು ಹಿಗ್ಗಬೇಡಿ. ನೀವು ಗಂಟೆಗೆ ಒಂಬತ್ತೂವರೆ ಕಿ.ಮೀ. ಓಡುತ್ತಿದ್ದು ಗಾಳಿಯೂ ಹಿಂದಿನಿಂದ ಅಷ್ಟೇ ವೇಗದಲ್ಲಿ ಬಂದರೆ ಮೈಮೇಲೆ ಗಾಳಿಯೇ ಆಡುವುದಿಲ್ಲ. ಬೆವರು ಒಣಗದೆ ಮೈಗಂಟಿಕೊಂಡೇ ಇರುತ್ತದೆ. ಅಂಥ ದಿನ 6:20 ಬಿಟ್ಟು 6:30ನ್ನೇ ಹಿಡಿಯಿರಿ.

ಉಳಿದ ಎಂಟು ದಿನಗಳಲ್ಲಿ ಮೈಯನ್ನು ಪೂರ್ತಿ ಅಲ್ಲದಿದ್ದರೂ ಅರ್ಧವಾದರೂ ಹದ ಮಾಡಬಹುದು. ಹೊರಗೆ ಇನ್ನೂ ಚಳಿ ಇರುವಾಗ ಇದಕ್ಕೆ ಸುಲಭದ ದಾರಿ ಸ್ನಾನದ ತೊಟ್ಟಿ. 40 ನಿಮಿಷ ನಿಧಾನ ಓಡಿ ಬಂದ ತಕ್ಷಣ, ಮೈ ತಣಿಯುವ ಮೊದಲೇ, 40 ಡಿಗ್ರಿ ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತುಕೊಳ್ಳಿ. ಕೈಯಿಂದ ಅಂದಾಜು ಮಾಡಬೇಡಿ, ಅಡುಗೆಮನೆಯ ಥರ್ಮಾಮೀಟರ್ ಅದ್ದಿ ನೋಡಿ. 42 ಆದರೆ ಹೆಚ್ಚು, 37 ಆದರೆ ಏನೂ ಉಪಯೋಗವಿಲ್ಲ. ನೀರು ಆರುತ್ತಾ ಹೋಗುತ್ತದೆ, ಹತ್ತು ನಿಮಿಷಕ್ಕೊಮ್ಮೆ ಬಿಸಿನೀರು ಬಿಡಿ. ಮೊದಲ ದಿನ 20 ನಿಮಿಷ, ಆಮೇಲೆ ದಿನಕ್ಕೆ ಐದೈದು ಹೆಚ್ಚಿಸಿ 40ರಲ್ಲಿ ನಿಲ್ಲಿಸಿ. ಆರು ದಿನ ಸತತ ಮಾಡಿ, ಕೊನೆಯ ಎರಡು ದಿನ ಬಿಟ್ಟುಬಿಡಿ. ಎದ್ದಾಗ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುವುದು ಇದರಲ್ಲಿ ಮಾಮೂಲಿ ಅಪಾಯ. ಅದಕ್ಕೇ ಮನೆಯಲ್ಲಿ ಇನ್ನೊಬ್ಬರು ಇರಲಿ, ಬಾಗಿಲ ಚಿಲಕ ಹಾಕಬೇಡಿ, ಮೊದಲು ತೊಟ್ಟಿಯ ಅಂಚಿನ ಮೇಲೆ ಎರಡು ನಿಮಿಷ ಕೂತು ಆಮೇಲೆ ನಿಲ್ಲಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಈ ಗೋಜಿಗೇ ಹೋಗಬಾರದು. ಜಿಮ್ಮಿನಲ್ಲಿ ಸೌನಾ (ಬಿಸಿಗಾಳಿಯ ಕೋಣೆ) ಇದ್ದರೆ ಓಟದ ನಂತರ 20-30 ನಿಮಿಷ ಅದೂ ಆದೀತು. ಎಂಟು ದಿನ ಮುಂಚಿನ ವರದಿ ಸುಳ್ಳಾಗಿ ಆ ದಿನ ಚಳಿ ಬಿದ್ದರೂ ಇದರಿಂದ ನಷ್ಟವೇನಿಲ್ಲ.

ನೀರಿನ ವಿಷಯದಲ್ಲಿ ಎರಡೂ ತುದಿಗೆ ಹೋಗುವವರಿದ್ದಾರೆ. ಮೊದಲು ನಿಮ್ಮ ಬೆವರಿನ ಪ್ರಮಾಣ ತಿಳಿದುಕೊಳ್ಳಿ. ಫ್ಯಾನ್ ಆರಿಸಿದ ಬೆಚ್ಚನೆಯ ಕೋಣೆಯಲ್ಲಿ ಟ್ರೆಡ್‌ಮಿಲ್ ಮೇಲೆ ಒಂದು ಗಂಟೆ ಓಡಿ. ಓಡುವ ಮೊದಲು, ಮೂತ್ರಕ್ಕೆ ಹೋಗಿ ಬಂದು, ಬಟ್ಟೆಯಿಲ್ಲದೆ ತೂಕ ನೋಡಿ. ಮುಗಿದ ಮೇಲೆ ಮೈ ಒರೆಸಿಕೊಂಡು ಮತ್ತೆ ನೋಡಿ. 65.0 ಇದ್ದದ್ದು 64.2 ಆಗಿ, ನಡುವೆ 300 ಮಿ.ಲೀ. ಕುಡಿದಿದ್ದರೆ ಹೋದದ್ದು 1.1 ಲೀಟರ್. ಅದರಲ್ಲಿ ಅರ್ಧದಿಂದ ಮೂರನೇ ಎರಡು ಪಾಲು ಮರಳಿ ಕೊಟ್ಟರೆ ಸಾಕು, ಗಂಟೆಗೆ 550ರಿಂದ 700 ಮಿ.ಲೀ. ಎರಡನೇ ಮೈಲಿಯಿಂದ ಹೆಚ್ಚುಕಡಿಮೆ ಪ್ರತಿ ಮೈಲಿಗೂ ನೀರಿನ ಮೇಜು ಸಿಗುತ್ತದೆ. ನಿಮ್ಮ ವೇಗಕ್ಕೆ ಗಂಟೆಗೆ ಸುಮಾರು ಆರು. ಪ್ರತಿ ಮೇಜಿನಲ್ಲಿ ನಾಲ್ಕೈದು ಗುಟುಕು ಗಂಟಲಿಗಿಳಿದರೆ ಲೆಕ್ಕ ಸರಿಹೋಗುತ್ತದೆ. ಲೋಟದ ಬಾಯಿ ಅಮುಕಿ ಕೊಕ್ಕಿನಂತೆ ಮಾಡಿಕೊಂಡು ಬಾಯ ಒಂದು ಮೂಲೆಯಿಂದ ಕುಡಿಯಿರಿ, ಇಲ್ಲದಿದ್ದರೆ ಅರ್ಧ ಮೂಗಿಗೆ. ಹತ್ತು ಹೆಜ್ಜೆ ನಡೆದರೂ ಅವಮಾನವಿಲ್ಲ. ಒಂದೊಂದು ಕಡೆಯೂ ಮೇಜುಗಳ ಸಾಲೇ ಇರುತ್ತದೆ; ಮೊದಲನೆಯದರಲ್ಲಿ ನೂಕುನುಗ್ಗಲು, ಸಾಲಿನ ಕೊನೆಯ ಮೇಜಿಗೆ ಹೋಗಿ.

'ಬಿಸಿಲು, ಆದ್ದರಿಂದ ಸಿಕ್ಕಷ್ಟು ಕುಡಿ' ಎಂಬ ಸಲಹೆ ಕೊಡುವವರ ಮಾತು ಕೇಳಬೇಡಿ. 2002ರಲ್ಲಿ ಇದೇ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ (ಉಪ್ಪಿನಂಶ) ಇರಬೇಕಾದ್ದಕ್ಕಿಂತ ಕೆಳಗಿತ್ತು. ಅವರಲ್ಲಿ ಎದ್ದು ಕಂಡ ಲಕ್ಷಣ, ಓಟದ ನಂತರ ತೂಕ ಹೆಚ್ಚಿದ್ದು, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದದ್ದು. ನಾಲ್ಕು ಗಂಟೆ ಮೀರಿ ಓಡುವವರಿಗೇ ಈ ಅಪಾಯ ಹೆಚ್ಚು, ಏಕೆಂದರೆ ಕುಡಿಯಲು ಅವರಿಗೆ ಪುರುಸೊತ್ತಿರುತ್ತದೆ. ಬೆರಳು ಊದಿ ಉಂಗುರ ಬಿಗಿಯಾದರೆ, ಹೊಟ್ಟೆಯಲ್ಲಿ ನೀರು ಗುಳುಗುಳು ಎಂದರೆ, ಎರಡು ಮೇಜು ಬಿಟ್ಟುಬಿಡಿ. ಉಪ್ಪು ತಿಂದರೆ ಅತಿಯಾಗಿ ಕುಡಿದದ್ದು ಮಾಫಿ ಆಗುವುದಿಲ್ಲ. ಆದರೂ ಟೋಪಿಯ ಮೇಲೆ ಬಿಳಿ ಗೆರೆ ಬಿಡುವ ಉಪ್ಪುಬೆವರಿನವರಾದರೆ ಗಂಟೆಗೆ 400-500 ಮಿ.ಗ್ರಾಂ. ಸೋಡಿಯಂ, ಅಂದರೆ ಒಂದು ಗ್ರಾಂ ಆಚೀಚೆ ಅಡುಗೆ ಉಪ್ಪು, ಸ್ಪೋರ್ಟ್ಸ್ ಡ್ರಿಂಕ್ ಜೊತೆ ಸೇರಿ ಒಳಗೆ ಹೋಗಲಿ. ಹಿಂದಿನ ರಾತ್ರಿ ಮೊಸರನ್ನಕ್ಕೆ ಉಪ್ಪಿನಕಾಯಿ ಎರಡು ಹೋಳು ಜಾಸ್ತಿ ಹಾಕಿಕೊಂಡರೆ ಯಾರೂ ಬೇಡವೆನ್ನುವುದಿಲ್ಲ. ಜೆಲ್ಲನ್ನು (ಓಟದ ನಡುವೆ ಶಕ್ತಿಗೆಂದು ನುಂಗುವ ಸಿಹಿ ಪಾಕ) ನೀರಿನ ಜೊತೆಗೇ ನುಂಗಿ. ಸಿಹಿ ಡ್ರಿಂಕಿನ ಮೇಲೆ ಜೆಲ್ ಬಿದ್ದರೆ ಬಿಸಿಲಿಗೆ ಮೊದಲೇ ರಕ್ತ ಕಡಿಮೆಯಾದ ಹೊಟ್ಟೆ ಅದನ್ನು ಮುಂದೆ ದಾಟಿಸದೆ ವಾಂತಿ ಮಾಡಿಸುತ್ತದೆ.

ತಣಿಸಿಕೊಳ್ಳುವುದು ಕುಡಿಯುವುದಕ್ಕಿಂತ ಬೇರೆ ಕೆಲಸ. ಪ್ರತಿ ಮೇಜಿನಲ್ಲಿ ಎರಡು ಲೋಟ: ಒಂದು ಹೊಟ್ಟೆಗೆ, ಇನ್ನೊಂದು ತಲೆ, ಕತ್ತಿನ ಹಿಂದೆ, ಮುಂಗೈಗೆ. ಎರಡನೆಯದು ನೀರೇ ಎಂದು ಕೇಳಿ ತಿಳಿದು ಸುರಿದುಕೊಳ್ಳಿ, ಸ್ಪೋರ್ಟ್ಸ್ ಡ್ರಿಂಕ್ ಸುರಿದುಕೊಂಡವರ ಪಾಡು ನೋಡಲಾಗದು. ಸೊಂಟದಿಂದ ಮುಂದಕ್ಕೆ ಬಾಗಿ ಸುರಿಯಿರಿ. ನೆಟ್ಟಗೆ ನಿಂತು ಸುರಿದರೆ ನೀರು ಕಾಲಿಗಿಳಿದು ಸಾಕ್ಸ್ ನೆನೆದು ಹತ್ತನೇ ಮೈಲಿಯೊಳಗೆ ಪಾದದಲ್ಲಿ ಗುಳ್ಳೆ. ದಾರಿಬದಿಯ ಜನ ಐಸು ಕೊಟ್ಟರೆ ಟೋಪಿಯೊಳಗೆ ನಾಲ್ಕು ತುಂಡು, ಕರ್ಚೀಫಿನಲ್ಲಿ ಸುತ್ತಿ ಕತ್ತಿಗೆ ಒಂದಿಷ್ಟು. ಜಾಲರಿಯ ಬಿಳಿ ಟೋಪಿ, ಸಡಿಲವಾದ ತೆಳು ಬನಿಯನ್. ಹತ್ತಿಯದು ಬೇಡ, ನೆನೆದರೆ ಮೊಲೆತೊಟ್ಟು, ಕಂಕುಳು, ತೊಡೆಸಂದಿ ಉಜ್ಜಿ ರಕ್ತ ಬರುತ್ತದೆ. ಆ ಜಾಗಗಳಿಗೆ ವ್ಯಾಸಲೀನ್. ಹಾಪ್‌ಕಿಂಟನ್ನಿನಲ್ಲಿ ಗಂಟೆಗಟ್ಟಲೆ ಕಾಯುವಾಗ ನೆರಳು ಹುಡುಕಿ ಕೂತುಕೊಳ್ಳಿ, ಬಿಸಿಲಲ್ಲಿ ವಾರ್ಮಪ್ ಮಾಡಬೇಡಿ. ದಪ್ಪ ಫ್ಲಾಸ್ಕಿನಲ್ಲಿ ಅರ್ಧ ಲೀಟರ್ ಪುಡಿ ಐಸಿನ ಶರಬತ್ತು ಒಯ್ಯಲು ಸಾಧ್ಯವಾದರೆ ಕೊನೆಯ ಅರ್ಧ ಗಂಟೆಯಲ್ಲಿ ನಿಧಾನ ಹೀರಿ. ಐಸು ಹೊಟ್ಟೆಯೊಳಗೆ ಕರಗುವಾಗಲೇ ಶಾಖ ಹೀರುತ್ತದೆ. ತರಬೇತಿಯಲ್ಲಿ ಒಮ್ಮೆ ಕುಡಿದು ನೋಡಿರದಿದ್ದರೆ ಆ ದಿನ ಬೇಡ.

ನೋವಿನ ಮಾತ್ರೆ ಐಬುಪ್ರೊಫೆನ್ ಬೇಡವೇ ಬೇಡ, ಬಿಸಿಲಿಗೆ ಸೊರಗಿದ ಮೂತ್ರಪಿಂಡಕ್ಕೆ ಅದು ಇನ್ನೊಂದು ಪೆಟ್ಟು.

ಶಾಖಾಘಾತದ ಗುರುತು ತಪ್ಪು ತಿಳಿದವರೇ ಹೆಚ್ಚು. ಬೆವರು ನಿಂತರೆ ಮಾತ್ರ ಎಂದುಕೊಂಡಿರುತ್ತಾರೆ. ಓಟಗಾರರಲ್ಲಿ ಬೆವರು ಸುರಿಯುತ್ತಿರುವಾಗಲೇ ಆಗುತ್ತದೆ. ಬಿಸಿಲಲ್ಲಿ ಮೈ ಜುಮ್ಮೆಂದು ಚಳಿಯಾಗುವುದು, ಹೆಜ್ಜೆ ತೂರಾಡುವುದು, ಸುಮ್ಮಸುಮ್ಮನೆ ಸಿಟ್ಟು, ಮೈಲಿ ಲೆಕ್ಕ ತಪ್ಪುವುದು, ಇವು ಕಂಡರೆ ಓಟ ಅಲ್ಲಿಗೆ ಮುಗಿಯಿತು, ವೈದ್ಯಕೀಯ ಟೆಂಟಿಗೆ ಹೋಗಿ. ತಲೆ ಕೆಟ್ಟವನಿಗೆ ತಲೆ ಕೆಟ್ಟಿದೆಯೆಂದು ತಿಳಿಯುವುದಿಲ್ಲ, ಹಾಗಾಗಿ ಪರೀಕ್ಷೆ ಸುಲಭದ್ದಿರಲಿ: ಪ್ರತಿ ಫಲಕದ ಹತ್ತಿರ ಉಳಿದ ಮೈಲಿ ಎಷ್ಟೆಂದು ಬಾಯಲ್ಲಿ ಹೇಳಿ. ಪಕ್ಕದವರು ಕುಸಿದರೆ ನೀರು ಕುಡಿಸುವುದಲ್ಲ ಮೊದಲ ಕೆಲಸ, ಐಸುನೀರಿನ ತೊಟ್ಟಿಗೆ ಇಳಿಸುವುದು. ಅರ್ಧ ಗಂಟೆಯೊಳಗೆ ಮೈ 39 ಡಿಗ್ರಿಗಿಂತ ಕೆಳಗಿಳಿಯಬೇಕು. ಮ್ಯಾಸಚೂಸೆಟ್ಸ್‌ನದೇ ಆದ ಫಾಲ್ಮತ್ ಓಟದಲ್ಲಿ 18 ವರ್ಷಗಳಲ್ಲಿ ಹೀಗೆ ತಣ್ಣೀರಿಗಿಳಿಸಿ ಉಪಚರಿಸಿದ 274 ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ.

ಬಾಯ್ಲ್‌ಸ್ಟನ್ ರಸ್ತೆಯಲ್ಲಿ ಗೆರೆ ದಾಟಿದ ಕೂಡಲೇ ನಿಲ್ಲಬೇಡಿ, ಕಾಲಲ್ಲಿ ರಕ್ತ ನಿಂತು ಬೀಳುತ್ತೀರಿ; ಹತ್ತು ನಿಮಿಷ ನಡೆಯಿರಿ. ಹೊದೆಯಲು ಕೊಡುವ ಹೊಳೆಯುವ ಹಾಳೆಯನ್ನು ಕೈಯಲ್ಲೇ ಹಿಡಿದಿರಿ, ಮೈ ತಣಿದು ಸಮುದ್ರದ ಗಾಳಿ ಬೀಸತೊಡಗಿದ ಮೇಲೆ ಹೊದ್ದುಕೊಳ್ಳಿ. ಮೂತ್ರ ಬರುವವರೆಗೆ ಲೀಟರುಗಟ್ಟಲೆ ಬರೀ ನೀರು ಕುಡಿಯಬೇಡಿ. ಉಪ್ಪುಪ್ಪಾದದ್ದು ಏನಾದರೂ ತಿನ್ನುತ್ತಾ ಗುಟುಕು ಗುಟುಕಾಗಿ ಕುಡಿಯಿರಿ.