ಧಾರವಾಡಕ್ಕ ಹೋಗೋ ಚಿಗರಿ ಬಸ್ಸಿನೊಳಗ ನಿದ್ದಿ ಹತ್ತಿದರ, ಸ್ಟಾಪ್ ಬಂದಾಗ ಫೋನ್ ತಾನಾಗೇ ಎಬ್ಬಿಸತೈತೇನ್ರೀ?

ಎಬ್ಬಿಸುತ್ತದೆ. ಐಫೋನಿನ ಶಾರ್ಟ್‌ಕಟ್ಸ್ ಆ್ಯಪ್‌ನಲ್ಲಾಗಲಿ, ಸ್ಯಾಮ್‌ಸಂಗ್‌ನ ಮೋಡ್ಸ್ ಅಂಡ್ ರೂಟೀನ್ಸ್‌ನಲ್ಲಾಗಲಿ ‘ಈ ಜಾಗ ತಲುಪಿದರೆ ಈ ಕೆಲಸ ಮಾಡು’ ಎಂದು ಒಮ್ಮೆ ಹೇಳಿಟ್ಟರೆ ಸಾಕು.

ಆದರೆ ಜುಬಿಲಿ ಸರ್ಕಲ್‌ನಲ್ಲಿ ಇಳಿಯುವವರು ಅದನ್ನೇ ಗುರುತು ಹಾಕಬೇಡಿ. ಬ್ಯಾಟರಿ ಉಳಿಸಲು ಫೋನ್ ಎಡೆಬಿಡದೆ ಜಿಪಿಎಸ್ ನೋಡುವುದಿಲ್ಲ. ಸುತ್ತಲಿನ ಮೊಬೈಲ್ ಟವರ್, ವೈಫೈ ಬದಲಾದದ್ದನ್ನು ಗಮನಿಸಿ, ನಕ್ಷೆಯಲ್ಲಿ ನೀವು ಎಳೆದ ವೃತ್ತದೊಳಗೆ ಬಂದಿರೆಂದು ಅಂದಾಜು ಮಾಡುತ್ತದೆ. ಇದಕ್ಕೆ ಒಂದೆರಡು ನಿಮಿಷ ತಡವಾಗಬಹುದು, ಅಷ್ಟರಲ್ಲಿ ಸ್ಟಾಪ್ ಹಿಂದೆ ಬಿದ್ದಿರುತ್ತದೆ. ಹಾಗಾಗಿ ಮೊದಲೇ ಬರುವ ಟೋಲ್ ನಾಕಾ ಸುತ್ತ ದೊಡ್ಡ ವೃತ್ತ ಹಾಕಿ. ‘ವಾಲ್ಯೂಮ್ ಏರಿಸು’, ಅದರ ಬೆನ್ನಿಗೆ ‘ಹಾಡು ಹಚ್ಚು’, ಈ ಕ್ರಮದಲ್ಲೇ ಕೊಡಿ. ಐಫೋನಿನಲ್ಲಿ ‘ರನ್ ಇಮ್ಮಿಡಿಯೆಟ್ಲಿ’ ಒತ್ತುವುದನ್ನು ಮರೆತರೆ ಮಾತ್ರ ಫೋನ್ ನಿಮ್ಮ ಒಪ್ಪಿಗೆಗಾಗಿ ಕಾಯುತ್ತಾ ಕೂಡುತ್ತದೆ, ನೀವು ನಿದ್ದೆಯಲ್ಲೇ ಇರುತ್ತೀರಿ.