ದೇವರ ನಂಬಿಕೆ ಮೆದುಳಿನ ಕಾಯಿಲೆಯಾ?

ಭಕ್ತಿ ಅನ್ನೋದು ವಿಕಾಸದ ಹಾದಿಯಲ್ಲಿ ಮೆದುಳಿಗೆ ಅಂಟಿದ ಕಾಯಿಲೆಯಾ, ಮನೆಯವರಿಗೆ ಅದನ್ನ ಬಿಡಿಸೋದು ಹೇಗೆ ಅಂತ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಮನೆಗೆ ಅದು ದುಬಾರಿಯಾಯಿತು.

ತಮ್ಮ ಆಗ ಡಿಗ್ರಿ ಓದುತ್ತಿದ್ದ. ಬಸ್ಸುಗಳ ನಂಬರ್ ಪ್ಲೇಟಿನಲ್ಲಿ ಚಾಮುಂಡಿ ತನಗೊಬ್ಬನಿಗೇ ಏನೋ ಹೇಳುತ್ತಿದ್ದಾಳೆ ಅನ್ನತೊಡಗಿದ. ನೋಟ್‌ಬುಕ್ ತುಂಬ ಕೆಎ 09, ಕೆಎ 11 ಅಂತ ಬರೆದು, ಕೂಡಿ, ಕೆಂಪು ಗೆರೆ ಎಳೆಯುತ್ತಿದ್ದ.

ನಾನು ವಾದಕ್ಕೆ ಕೂತೆ. ಪೊದೆ ಅಲುಗಾಡಿದಾಗ ಗಾಳಿ ಅಂದವನಿಗಿಂತ ಹುಲಿ ಅಂತ ಓಡಿದವನೇ ಬದುಕಿದ, ಅದಕ್ಕೇ ನಮ್ಮ ಮೆದುಳು ಎಲ್ಲೆಲ್ಲೂ ಯಾರನ್ನೋ ಕಾಣುತ್ತೆ, ದೇವರು ಹುಟ್ಟಿದ್ದು ಹಾಗೆ ಅಂದೆ. ಈ ವಾದದಲ್ಲಿ ಹುರುಳಿದೆ. ಆದರೆ ಅದನ್ನು ಬೆಳೆಸಿದ ಮನಶ್ಶಾಸ್ತ್ರಜ್ಞ ಜಸ್ಟಿನ್ ಬ್ಯಾರೆಟ್ ಸ್ವತಃ ಕ್ರೈಸ್ತ ಭಕ್ತರು. ಅವರು ಹೇಳಿದ್ದು ಎಲ್ಲರ ಮೆದುಳಿನಲ್ಲೂ ಇರುವ ಸಹಜ ಗುಣದ ಬಗ್ಗೆ.

ಒಂದು ದಿನ ಅವನ ಕೋಣೆಯ ದೇವರ ಪಟಗಳನ್ನೆಲ್ಲ ತೆಗೆದು ಅಟ್ಟಕ್ಕೆ ಹಾಕಿದೆ. ಅಲ್ಲಿಂದ ನಾನು ಅವನಿಗೆ ಶತ್ರುಗಳ ಕಡೆಯವನಾದೆ. ನಾನು ಬಡಿಸಿದ ಅನ್ನ ಮುಟ್ಟುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಅಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ. ಅವನು ನಿದ್ದೆ ಬಿಟ್ಟಿದ್ದ, ಸ್ನಾನ ಬಿಟ್ಟಿದ್ದ, ಗೆಳೆಯರ ಫೋನ್ ಎತ್ತುತ್ತಿರಲಿಲ್ಲ. ಎಲ್ಲ ಕಣ್ಣೆದುರೇ ಇತ್ತು. ಮಾತಿನಲ್ಲಿ ದೇವರು ಬಂದದ್ದಕ್ಕೆ ಭಕ್ತಿ ಜಾಸ್ತಿಯಾಗಿದೆ ಅಂತಲೇ ನೋಡಿದೆ. ವಾದದಲ್ಲಿ ಗೆದ್ದರೆ ಸರಿಹೋಗುತ್ತಾನೆ ಅಂದುಕೊಂಡೆ. ಹೀಗೇ ತಿಂಗಳುಗಳು ಹೋದವು. ಅವನಿಗೆ ಆಗಿದ್ದು ಸೈಕೋಸಿಸ್, ಅಂದರೆ ನಿಜ ಯಾವುದು, ಭ್ರಮೆ ಯಾವುದು ಅಂತ ತಿಳಿಯದಾಗುವ ಮಾನಸಿಕ ಸ್ಥಿತಿ. ಸೈಕೋಸಿಸ್‌ಗೆ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ.

ಮೊದಲು ಗುರುತು ಹಿಡಿದದ್ದು ಅಮ್ಮ, ಶುಕ್ರವಾರದ ಪೂಜೆ ಎಂದೂ ತಪ್ಪಿಸದ ಅಮ್ಮ. "ಇದು ಭಕ್ತಿ ಅಲ್ಲ ಕಣೋ. ತಾಯಿ ಯಾರಿಗೂ ಹೀಗೆ ಕಾಟ ಕೊಡಲ್ಲ. ಮಗೂಗೆ ಏನೋ ಆಗಿದೆ" ಅಂದರು. ಅವನು ಆಸ್ಪತ್ರೆಗೆ ಬಂದದ್ದೂ ಅವರ ಜೊತೆಗೇ. ಮನೋವೈದ್ಯರೂ ಹೀಗೇ ಅಳೆಯುತ್ತಾರೆ: ಸುತ್ತಲಿನವರೆಲ್ಲ ಸಹಜವಾಗಿ ಒಪ್ಪುವ ನಂಬಿಕೆ ಭ್ರಮೆಯ ಲೆಕ್ಕಕ್ಕೆ ಬರುವುದಿಲ್ಲ. ಮೆದುಳಿನಲ್ಲಿರುವ ಡೋಪಮೈನ್ ಎಂಬ ರಾಸಾಯನಿಕ ಏರುಪೇರಾದಾಗ ಸಾಮಾನ್ಯ ವಸ್ತುವಿಗೂ ಇಲ್ಲದ ಮಹತ್ವ ಬಂದುಬಿಡುತ್ತದೆ ಅಂತ ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ಬರೆದರು. ಅದನ್ನು ಓದಿದ ಮೇಲೆ ಆ ನಂಬರ್ ಪ್ಲೇಟುಗಳ ಗುಟ್ಟು ನನಗೆ ತಿಳಿಯಿತು. ತಮ್ಮನಿಗೆ ಕಂಡದ್ದು ಚಾಮುಂಡಿ, ಇನ್ನೊಬ್ಬರಿಗೆ ಅದೇ ಪೊಲೀಸರ ಕ್ಯಾಮೆರಾ ಆಗಬಹುದು. ಎರಡಕ್ಕೂ ಚಿಕಿತ್ಸೆ ಒಂದೇ.

ಈಗ ತಮ್ಮ ಮಾತ್ರೆ ತಗೊಳ್ತಾನೆ, ಕೆಲಸಕ್ಕೆ ಹೋಗುತ್ತಾನೆ, ಬೆಟ್ಟಕ್ಕೂ ಹೋಗುತ್ತಾನೆ. ಭಕ್ತಿ ಬಿಡಿಸುವ ಯೋಚನೆ ಬಿಡಿ. ನಿದ್ದೆ, ಊಟ, ಜನರ ಜೊತೆ ಮಾತುಕತೆ ಹೇಗಿದೆ ನೋಡಿ. ಕೆಟ್ಟಿದ್ದರೆ ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅವೆಲ್ಲ ಸರಿಯಿದ್ದು ಪೂಜೆ ಮಾತ್ರ ಉದ್ದವಾಗಿದ್ದರೆ ಅವರನ್ನು ಅವರ ಪಾಡಿಗೆ ಬಿಟ್ಟುಬಿಡಿ.